ಲೇತಿಗೊಂದು ಗ್ರೈಂಡರಿನ ಹಿಡಿ

ನಮ್ಮ ಅಡುಗೆಮನೆಯ ಎರಡನೇ ಡ್ರಾಯರ್ ಎಳೆದರೆ ಸೌಟು, ಸಟ್ಟುಗ, ಇಕ್ಕಳ, ಹಿಡಿ ಕಳಚಿದ ಜಾಲರಿ, ಇವುಗಳ ನಡುವೆ ಗೇಣಿಗಿಂತ ಸ್ವಲ್ಪ ಉದ್ದನೆಯ ಒಂದು ಪಾನಾ ಸಿಗುತ್ತದೆ. ಊರಿನವರು ಸ್ಪ್ಯಾನರ್ ಎನ್ನುವುದನ್ನು ಈ ಕಡೆ ನಾವೆಲ್ಲ ಪಾನಾ ಎಂದೇ ಕರೆಯುವುದು. ಮೊನ್ನೆ ಠಾಣೆಯ ಘೋಡಬಂದರ್ ರಸ್ತೆಯ ತನ್ನ ಮನೆಯಿಂದ ಮಗಳು ಬಂದಿದ್ದಳು. ಚಮಚ ಹುಡುಕಲು ಹೋಗಿ ಪಾನಾ ಕೈಗೆ ಸಿಕ್ಕಿ, ಇದೇನು ಇಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಬೈಗುಳ ಸಮೇತ. ಬಾಯಿಂದ ಹೊರಡುವುದು ಮಾತ್ರ ಮರಾಠಿ ಅಥವಾ ಹಿಂದಿ. ಇರಲಿ ಬಿಡು, ಅಲ್ಲೇ ಇಡು ಎಂದೆ. ಅವಳು ಕಣ್ಣು ತಿರುಗಿಸಿ ಅಲ್ಲೇ ಇಟ್ಟಳು. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ. ನಿಮಗೆ ಬದಲಾಪುರದ ಫಾಸ್ಟ್ ಲೋಕಲ್ ರೈಲು ಹಿಡಿಯುವ ಅವಸರವಿಲ್ಲ ಎಂದುಕೊಂಡಿದ್ದೇನೆ.

ಇದರ ಮೂಲ ಒಂದು ಲೇತ್. ಮರ ಕಡೆಯುವ ಯಂತ್ರ. ಅದು ನಮ್ಮ ಮನೆಗೆ ಬಂದದ್ದು ಅನ್ನುವುದಕ್ಕಿಂತ ಅದಕ್ಕಾಗಿ ನಾವು ಈ ಮನೆಗೆ ಬಂದೆವು ಅನ್ನುವುದೇ ಸರಿ. ನಮ್ಮ ಯಜಮಾನರು, ಇನ್ನು ಮುಂದೆ ‘ಇವರು’ ಎಂದರೆ ನೀವೇ ತಿಳಿದುಕೊಳ್ಳಿ, ಅಂಬರನಾಥದ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು. ಪಂಪಿನ ಹೊರಚಿಪ್ಪೋ ಕಬ್ಬಿಣದ ಗಾಲಿಯೋ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಅಚ್ಚಿನೊಳಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣದ್ದು ಲಾರಿ ಹತ್ತಿ ಎಲ್ಲಿಗೋ ಹೋಗುತ್ತದೆ, ಮರದ್ದು ಮೂಲೆಗೆ ಬೀಳುತ್ತದೆ, ಕೆಲವು ವರ್ಷವಾದ ಮೇಲೆ ಯಾರದೋ ಒಲೆಗೆ. ಇವರು ಮೂವತ್ತೆಂಟು ವರ್ಷ ಅದನ್ನೇ ಮಾಡಿದರು. ಫೌಂಡ್ರಿ ಮುಚ್ಚಿ ಹಳೆಯ ಸಾಮಾನನ್ನೆಲ್ಲ ಹೊರಗೆ ಹಾಕಿದಾಗ, ತಾವು ಯಾವ ಲೇತಿನ ಮುಂದೆ ನಿಂತು ಕೂದಲು ಬೆಳ್ಳಗೆ ಮಾಡಿಕೊಂಡರೋ ಅದನ್ನೇ ಟೆಂಪೋದಲ್ಲಿ ಹಾಕಿಸಿಕೊಂಡು ಮನೆಗೆ ಬಂದರು.

ಆಗ ನಮ್ಮ ಮನೆ ಡೊಂಬಿವಲಿಯಲ್ಲಿ, ಮೂರನೇ ಮಾಳಿಗೆ, ಲಿಫ್ಟ್ ಇಲ್ಲ. ಸೊಸೈಟಿಯ ಸೆಕ್ರೆಟರಿ ಮೆಟ್ಟಿಲ ಬುಡದಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. ಲೇತ್ ಆರು ತಿಂಗಳು ನನ್ನ ತಮ್ಮ ಸುಧಾಕರನ ಹೋಟೆಲಿನ ಹಿಂದೆ ಟಾರ್ಪಾಲು ಹೊದ್ದು ಕುಳಿತಿತ್ತು. ಕೊನೆಗೆ ಡೊಂಬಿವಲಿಯ ಮನೆ ಮಾರಿ ಬದಲಾಪುರದಲ್ಲಿ ನೆಲ ಅಂತಸ್ತಿನ ಮನೆ ಹಿಡಿದೆವು. ಹಿಂದೆ ಒಂದಿಷ್ಟು ಜಾಗ, ಅದರ ಮೇಲೆ ತಗಡಿನ ಶೆಡ್. ಮಕ್ಕಳ ಶಾಲೆಗಾಗಿ, ಕೆಲಸಕ್ಕಾಗಿ ಮನೆ ಬದಲಿಸಿದವರನ್ನು ಕಂಡಿದ್ದೇನೆ. ಒಂದು ಯಂತ್ರದ ಅನುಕೂಲಕ್ಕೆ ಎರಡು ಸ್ಟೇಶನ್ನಲ್ಲ, ಐದಾರು ಸ್ಟೇಶನ್ ಹಿಂದಕ್ಕೆ ಹೋದವರು ನಾವೇ ಇರಬೇಕು.

ನನಗೂ ಉಪಕರಣಗಳಿಗೂ ಸಂಬಂಧ ಅಷ್ಟಕ್ಕಷ್ಟೆ. ಠಾಣೆಯ ಒಂದು ಆಫೀಸಿನ ರೆಕಾರ್ಡ್ ಸೆಕ್ಷನ್ನಿನಲ್ಲಿ ಫೈಲುಗಳಿಗೆ ಲಾಡಿ ಕಟ್ಟುತ್ತ ನಿವೃತ್ತಳಾದವಳು. ಸ್ಕ್ರೂ ಯಾವ ಕಡೆ ತಿರುಗಿಸಿದರೆ ಬಿಗಿಯುತ್ತದೆ ಎಂಬುದು ಇವತ್ತಿಗೂ ಒಮ್ಮೆ ಕೈಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿಕೊಳ್ಳದೆ ನೆನಪಾಗುವುದಿಲ್ಲ. ಹುಟ್ಟಿದ್ದು ಕಲ್ಯಾಣದಲ್ಲಿ, ಉಡುಪಿ ಕಡೆಯ ಹೋಟೆಲಿನವರ ಮನೆಯಲ್ಲಿ. ಇವರು ಗೋಕಾಕದ ಕಡೆಯವರು. ಮದುವೆಯಾದ ಹೊಸದರಲ್ಲಿ ಇವರ ಕನ್ನಡ ನನಗೆ, ನನ್ನ ಕನ್ನಡ ಇವರಿಗೆ ಅರ್ಥವಾಗದೆ ಹಿಂದಿಯಲ್ಲಿ ಜಗಳವಾಡಿದ ದಿನಗಳಿವೆ. ನಮ್ಮ ಅಮ್ಮನಿಗೆ ಅಳಿಯ ರೊಟ್ಟಿ ತಿನ್ನುವವನು ಎಂಬುದೊಂದೇ ಚಿಂತೆ. ಗಂಜಿ ಕುಡಿಯದವನ ಹೊಟ್ಟೆ ತಂಪಾಗುವುದು ಹೇಗೆ ಎಂದು ಕೊನೆಯವರೆಗೂ ಕೇಳುತ್ತಿದ್ದರು.

ಈಗ ಲೇತಿನ ವಿಷಯ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಮಂಚದಷ್ಟು ಉದ್ದದ ಎರಡು ಕಬ್ಬಿಣದ ಹಳಿಗಳು. ಒಂದು ತುದಿಯಲ್ಲಿ ಮೋಟಾರು. ಮರದ ತುಂಡಿನ ಒಂದು ಕೊನೆಯನ್ನು ಮೋಟಾರಿನ ಕಡೆ ಸಿಕ್ಕಿಸುತ್ತಾರೆ. ಇನ್ನೊಂದು ಕೊನೆಯನ್ನು ಚೂಪು ಮೂತಿಯ ಒಂದು ಕಬ್ಬಿಣದ ಗೂಟ ಬಂದು ಒತ್ತಿ ಹಿಡಿಯುತ್ತದೆ. ಅದಕ್ಕೆ ಟೇಲ್‌ಸ್ಟಾಕ್ ಎಂದು ಹೆಸರು. ಅದು ಹಳಿಯ ಮೇಲೆ ಆಚೀಚೆ ಸರಿಯುತ್ತದೆ. ಬೇಕಾದಲ್ಲಿ ನಿಲ್ಲಿಸಿ, ಹಳಿಯ ಕೆಳಗಿರುವ ನಟ್ಟನ್ನು ಪಾನಾದಿಂದ ಬಿಗಿಯಬೇಕು. ಉಳಿಯನ್ನು ಊರಿಕೊಳ್ಳಲು ನಡುವೆ ಇನ್ನೊಂದು ಆಸರೆ ಇದೆ, ಅದಕ್ಕೂ ಹಾಗೆಯೇ ಕೆಳಗೊಂದು ನಟ್ಟು. ಮರ ಸಣ್ಣದಾದಂತೆಲ್ಲ ಆಸರೆಯನ್ನು ಹತ್ತಿರ ಸರಿಸುತ್ತಲೇ ಇರಬೇಕು, ಪ್ರತಿ ಸಲ ನಟ್ಟು ಸಡಿಲಿಸಿ ಮತ್ತೆ ಬಿಗಿಯಬೇಕು. ಒಂದು ಲಟ್ಟಣಿಗೆ ಆಗುವುದರೊಳಗೆ ಏಳೆಂಟು ಸಲ ಬಗ್ಗಿ ಏಳಬೇಕು. ಹೊಸ ಯಂತ್ರಗಳಲ್ಲಿ ಒಂದು ಹಿಡಿ ಎಳೆದರೆ ಎಲ್ಲ ಲಾಕ್ ಆಗುತ್ತದಂತೆ. ನಮ್ಮದು ಹಳೆಯ ಕಾಲದ್ದು, ಮುಷ್ಟಿಯಲ್ಲಿ ಬಲ ಇರುವವರಿಗಾಗಿ ಮಾಡಿದ್ದು.

ಇವರ ಮುಷ್ಟಿಯಲ್ಲಿ ಬಲ ಇತ್ತು. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಕಲ್ಯಾಣ ಸ್ಟೇಶನ್ನಿನ ಸೇತುವೆಯ ಮೆಟ್ಟಿಲಲ್ಲಿ ಜಾರಿ ಬಲಗೈ ಊರಿ ಬಿದ್ದರು. ಮಣಿಕಟ್ಟಿಗೆ ಪ್ಲೇಟು ಹಾಕಿದರು. ಗಾಯ ಮಾಯಿತು, ನೋವೂ ಹೋಯಿತು; ಆದರೆ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಉಳಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಮೇಲೆ ಇಟ್ಟು ನಡೆಸುವುದನ್ನು ಒಂದೇ ತಿಂಗಳಲ್ಲಿ ಕಲಿತುಕೊಂಡರು. ನಟ್ಟು ಬಿಗಿಯುವುದು ಮಾತ್ರ ಆಗಲಿಲ್ಲ. ಆಗ ಶುರುವಾಯಿತು ನೋಡಿ, ಶೆಡ್ಡಿನಿಂದ ಹತ್ತು ನಿಮಿಷಕ್ಕೊಂದು ಕರೆ. ನಾನು ಒಗ್ಗರಣೆ ಬಿಟ್ಟು ಓಡಿ, ಬಗ್ಗಿ, ಬಿಗಿದು, ವಾಪಸು ಬರುವಾಗ ಪಾನಾ ಕೈಯಲ್ಲೇ ಉಳಿದುಬಿಡುತ್ತಿತ್ತು. ಅದು ಸೌಟಿನ ಡ್ರಾಯರು ಸೇರಿದ್ದು ಹೀಗೆ.

ಬಿಗಿದ ಮೇಲೂ ನಾನು ಸುಮ್ಮನೆ ಬರುವವಳಲ್ಲ. ಟೇಲ್‌ಸ್ಟಾಕನ್ನು ಮೂರು ಸಲ ಜಗ್ಗಿ ನೋಡಬೇಕು. ಇದು ಅಮ್ಮನಿಂದ ಬಂದದ್ದು. ಅಮ್ಮನಿಗೆ ಜಗತ್ತಿನ ಯಾವ ಬೀಗದ ಮೇಲೂ ನಂಬಿಕೆ ಇರಲಿಲ್ಲ. ಹಾಕಿ ಮೂರು ಸಲ ಜಗ್ಗಿ, ಮೆಟ್ಟಿಲಿಳಿದು, ಅರ್ಧದಲ್ಲಿ ನೆನಪಾಗಿ ಮೇಲೆ ಹೋಗಿ ಮತ್ತೆ ಜಗ್ಗುತ್ತಿದ್ದರು. ಒಮ್ಮೆ ಊರಲ್ಲಿ ಚಿಕ್ಕಮ್ಮನ ಮದುವೆ. ರಿಕ್ಷಾ ಕೆಳಗೆ ನಿಂತಿದೆ, ಬಸ್ಸಿಗೆ ಹೊತ್ತಾಗಿದೆ. ಅಮ್ಮ ಜಗ್ಗಿದ ರಭಸಕ್ಕೆ ಬೀಗ ಹಾಗೇ ಇದ್ದು ಬಾಗಿಲ ಕೊಂಡಿಯೇ ಕಿತ್ತು ಕೈಗೆ ಬಂತು. ಕೊನೆಗೆ ನಾವೆಲ್ಲ ಊರಿಗೆ ಹೋಗಿ ಅಪ್ಪ ಬಾಗಿಲು ಕಾಯಲು ಉಳಿದರು. ಆ ಎಂಟು ದಿನ ನಿದ್ದೆ ಮಾಡಿದಷ್ಟು ಸುಖವಾಗಿ ತಾನು ಮತ್ತೆ ಎಂದೂ ಮಾಡಿಲ್ಲ ಎಂದು ಅಮ್ಮ ಇಲ್ಲದಾಗ ಅಪ್ಪ ಹೇಳುತ್ತಿದ್ದರು.

ಕರೆಯುವುದು ನನಗೆ ಕಿರಿಕಿರಿಯಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಮುಖದಲ್ಲಿ ತೋರಿಸಿಯೂ ಇದ್ದೆ. ಒಂದು ದಿನ ಗಂಜಿ ಉಕ್ಕಿ ಒಲೆಯೆಲ್ಲ ಹಾಳಾದಾಗ, ನನಗೇನು ಇದೊಂದೇ ಕೆಲಸವೇ ಎಂದುಬಿಟ್ಟೆ. ಅದರ ಮರುದಿನದಿಂದ ಕರೆ ನಿಂತಿತು. ನಾನು ಮೊದಲ ದಿನ ಹಾಯಾಗಿದ್ದೆ. ಎರಡನೇ ದಿನ ಹೋಗಿ ನೋಡಿದರೆ ಲೇತಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿದ್ದರು. ತಾವು ಸ್ಟೂಲಿನ ಮೇಲೆ ಕುಳಿತು ಉಳಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮೂರನೇ ದಿನ ಫೋನಿನಲ್ಲಿ ಹಿಂದಿಯಲ್ಲಿ ಮಾತಾಡುತ್ತಿದ್ದದ್ದು ಕಿವಿಗೆ ಬಿತ್ತು. ವಿಠ್ಠಲವಾಡಿಯ ಹಳೆ ಯಂತ್ರಗಳ ವ್ಯಾಪಾರಿಗೆ ಬಂದು ನೋಡಿಕೊಂಡು ಹೋಗಲು ಹೇಳುತ್ತಿದ್ದರು. ಈ ಭಾನುವಾರ ಆತನಿಗೆ ಆಗುವುದಿಲ್ಲವಂತೆ, ಮುಂದಿನ ಭಾನುವಾರ ಬರುತ್ತಾನಂತೆ.

ಯಾಕೆ ಎಂದು ಕೇಳಿದೆ. ಇವರು ಬಹಳ ಸಮಾಧಾನದಿಂದ ಹೇಳಿದರು.

“ನನ್ನ ಮಷೀನಿಗೆ ನಾನ ಕೀಲಿ ಹಾಕಾಕ ಆಗಂಗಿಲ್ಲ ಅಂದ್ರ ಅದು ನಂದಲ್ಲ, ಶೈಲಾ.”

ಸಿಟ್ಟಿನಿಂದ ಹೇಳಿದ್ದರೆ ನಾನೂ ಎರಡು ಮಾತಾಡಿ ಮುಗಿಸುತ್ತಿದ್ದೆ. ಆ ಸಮಾಧಾನ ನನ್ನನ್ನು ಹೆದರಿಸಿತು. ಫೌಂಡ್ರಿ ಮುಚ್ಚಿದ ದಿನವೂ ಹೀಗೆಯೇ ಸಮಾಧಾನವಾಗಿ ಮನೆಗೆ ಬಂದು ಟಿಫಿನ್ ಡಬ್ಬಿ ತೊಳೆದಿಟ್ಟು, ಅದಾದ ಮೇಲೆ ಎರಡು ತಿಂಗಳು ಕಿಟಕಿಯ ಹತ್ತಿರ ಕುಳಿತಿದ್ದ ಮನುಷ್ಯ. ಲೇತ್ ಬಂದ ಮೇಲೆಯೇ ಎದ್ದದ್ದು. ಈಗ ಲೇತ್ ಹೋದರೆ ಈ ಮನೆಯಲ್ಲಿ ಕಿಟಕಿಗಳು ಬೇಕಾದಷ್ಟಿವೆ.

ಮಗಳಿಗೆ ಫೋನ್ ಮಾಡಿದೆ. “ಅಮ್ಮಾ, ನವೀನ್ ಘೇಊಯಾ ನಾ,” ಎಂದಳು. ಹೊಸದೇ ತಗೊಳ್ಳೋಣ, ಆನ್‌ಲೈನಿನಲ್ಲಿ ಚಿಕ್ಕದು, ಮುದ್ದಾದದ್ದು ಸಿಗುತ್ತದೆ. ಅವಳ ಮನಸ್ಸು ಒಳ್ಳೆಯದೇ. ಆದರೆ ಇವರಿಗೆ ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಫೋನಿನಲ್ಲಿ ಹುಡುಕಿ, ಯಾವುದೋ ದೇಶದ ಕೆಂಪು ಮುಖದ ಗಡ್ಡದವರು ತಮ್ಮ ಲೇತಿಗೆ ಹೊಸ ಲಾಕು ಕೂರಿಸುವ ವಿಡಿಯೋಗಳನ್ನು ನೋಡಿದೆ. ಅವರ ಬಳಿ ಒಂದು ಲಾಕು ಮಾಡಲು ಇನ್ನೂ ನಾಲ್ಕು ಯಂತ್ರಗಳಿದ್ದವು. ನನ್ನ ಬಳಿ ಮಿಕ್ಸಿ ಇತ್ತು.

ಹೀಗಾಗಿ ಮೊದಲು ನನಗೆ ಗೊತ್ತಿದ್ದ ಒಂದೇ ಔಷಧ ಮಾಡಿದೆ. ನಟ್ಟು ತಿರುಗುವುದಿಲ್ಲ ಎಂದರೆ ತುಕ್ಕು ಹಿಡಿದಿರಬೇಕು, ಎಣ್ಣೆ ಬಿಡಬೇಕು. ಎಣ್ಣೆ ಎಂದರೆ ನಮ್ಮವರಿಗೆ ಒಂದೇ ಎಣ್ಣೆ. ತಲೆಗೆ, ಮೈಗೆ, ಸುಟ್ಟ ಗಾಯಕ್ಕೆ, ಕಿರಗುಟ್ಟುವ ಬಾಗಿಲಿಗೆ, ಅವಿಯಲಿಗೆ, ಎಲ್ಲದಕ್ಕೂ ತೆಂಗಿನೆಣ್ಣೆಯೇ. ಇವರು ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ನಟ್ಟಿಗೆ, ಬೋಲ್ಟಿಗೆ, ಸಾಲದೆ ಎರಡೂ ಹಳಿಗಳಿಗೆ, ನಟ್ಟು ಒತ್ತಿ ಹಿಡಿಯುವ ಕೆಳಗಿನ ಕಬ್ಬಿಣದ ಪಟ್ಟಿಗೆ ಕೈಬಿಚ್ಚಿ ಹಚ್ಚಿದೆ. ನಟ್ಟು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಇವರು ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಿ, ನೋಡಿ ಈಗ ನಿಮ್ಮ ಎಡಗೈಯಲ್ಲೇ ಆಗುತ್ತದೆ ಎಂದೆ. ಆಯಿತು ಕೂಡ. ಮರದ ತುಂಡು ಸಿಕ್ಕಿಸಿ ಮೋಟಾರು ಹಾಕಿದರು. ಎಣ್ಣೆ ಕುಡಿದ ಹಳಿಯ ಮೇಲೆ ಟೇಲ್‌ಸ್ಟಾಕ್ ಮೆಲ್ಲಗೆ ಹಿಂದಕ್ಕೆ ಜಾರಿತು, ತುಂಡು ಕಳಚಿ ಹಾರಿ ನೀರಿನ ಡ್ರಮ್ಮಿಗೆ ಬಡಿಯಿತು. ಇವರು ಪಕ್ಕಕ್ಕೆ ಸರಿದದ್ದು ಪುಣ್ಯ.

ಮುಗಿಯಲಿಲ್ಲ. ಅದು ಜನವರಿ. ಬದಲಾಪುರದ ಬೆಳಗಿನ ಚಳಿ ನಿಮಗೆ ಗೊತ್ತಿರಬಹುದು, ಡೊಂಬಿವಲಿಯಲ್ಲಿ ಫ್ಯಾನು ಹಾಕಿಕೊಳ್ಳುವಾಗ ನಾವು ಇಲ್ಲಿ ಶಾಲು ಹುಡುಕುತ್ತೇವೆ. ಮರುದಿನ ನೋಡಿದರೆ ಹಳಿಯುದ್ದಕ್ಕೂ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು. ನಿನ್ನೆ ನಿಲ್ಲಲಾರದೆ ಜಾರಿದ ಟೇಲ್‌ಸ್ಟಾಕ್ ಇವತ್ತು ಎಳೆದರೂ ಬರಲೊಲ್ಲದು. ಇವರು ಬೆರಳಿನಿಂದ ಬಳಿದು ನೋಡಿ, ಮೂಸಿ, ನನ್ನ ಕಡೆ ತಿರುಗಿದರು.

“ದ್ವಾಸಿ ಹಂಚಂತ ತಿಳಕೊಂಡೀಯೇನ ಇದನ್ನ?”

ಹತ್ತು ದಿನದಲ್ಲಿ ಇವರು ಮೊದಲ ಸಲ ತಮಾಷೆ ಮಾಡಿದ್ದು. ಬೈದರೂ ಹಿತವಾಯಿತು. ನಾನು ಬೆಳಗ್ಗೆಯೆಲ್ಲ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಹಳಿ ಒರೆಸಿ, ಕೆಳಗಿನ ಪಟ್ಟಿಯನ್ನು ಪಾಲಿಶ್ ಕಾಗದದಿಂದ ಉಜ್ಜಿ ಒಣಗಿಸಿದೆ. ಹಿಡಿದು ನಿಲ್ಲಬೇಕಾದ ಜಾಗ ಒಣಗಿ ಒರಟಾಗಿರಬೇಕು, ತಿರುಗುವ ಜಾಗಕ್ಕೆ ಮಾತ್ರ ಎಣ್ಣೆ ಎಂಬುದು ಹೀಗೆ ತಿಳಿಯಿತು. ಉಜ್ಜಿದ ಮೇಲೆ ಮೊದಲಿಗಿಂತ ಕಡಿಮೆ ಬಲಕ್ಕೇ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತಿತ್ತು. ಅರ್ಧ ರಿಪೇರಿ ನನಗರಿವಿಲ್ಲದೆ ಆಗಿಹೋಗಿತ್ತು. ಖರ್ಚು ಎಂದರೆ ಒಂದು ಹಾಳೆ ಪಾಲಿಶ್ ಕಾಗದ ಮತ್ತು ಇವರ ಒಂದು ಹಳೆ ಬನಿಯನ್.

ಆದರೂ ಪಾನಾ ಹಿಡಿಯಲು ಮುಷ್ಟಿ ಬೇಕಲ್ಲ. ಆ ಯೋಚನೆಯಲ್ಲೇ ಬುಧವಾರ ತಮ್ಮನ ಹೋಟೆಲಿಗೆ ಹೋಗಿದ್ದೆ. ಅಪ್ಪನ ಹೋಟೆಲೇ ಅದು, ಈಗ ಸುಧಾಕರ ನಡೆಸುತ್ತಾನೆ. ಬಾಲ್ಯದಲ್ಲಿ ನನ್ನ ಜಾಗ ಅಡುಗೆಮನೆಯ ಹಿಂದಿನ ರುಬ್ಬುವ ಕೋಣೆ. ಬೋರಲು ಹಾಕಿದ ಎಣ್ಣೆ ಡಬ್ಬದ ಮೇಲೆ ಕುಳಿತು ಮಗ್ಗಿ ಬರೆಯುತ್ತಿದ್ದೆ. ಒದ್ದೆ ಅಕ್ಕಿಯ ವಾಸನೆ, ಗೋಡೆಯ ಮೇಲೆಲ್ಲ ಹಿಟ್ಟಿನ ಚುಕ್ಕೆ, ಗ್ರೈಂಡರಿನ ಗುಡುಗುಡು ಶಬ್ದ. ಅದರಲ್ಲಿ ಮಗ್ಗಿ ಹೇಳಿದರೆ ಕೂಗಿ ಹೇಳಬೇಕಿತ್ತು. ಇವತ್ತಿಗೂ ನಾನು ಲೆಕ್ಕ ಮಾಡುವಾಗ ಗಟ್ಟಿಯಾಗಿ ಮಾಡುತ್ತೇನೆ, ಆಫೀಸಿನಲ್ಲಿ ಎಲ್ಲರೂ ನಗುತ್ತಿದ್ದರು. ರುಬ್ಬುವ ಸೂರಣ್ಣ ಎಂಬವರಿದ್ದರು. ನನ್ನ ಮಗ್ಗಿ ತಪ್ಪಿದರೆ ತಿದ್ದುವಷ್ಟು ಕೇಳಿಸಿಕೊಂಡಿದ್ದರು, ಅಕ್ಷರ ಬಾರದಿದ್ದರೂ.

ಈಗ ಅಲ್ಲಿ ಹೊಸ ಗ್ರೈಂಡರು. ಆ ಬುಧವಾರ ಹಿಟ್ಟು ತೆಗೆಯುವವರು ಪಾತ್ರೆ ಬಗ್ಗಿಸಿ, ಮೊಣಕೈವರೆಗೆ ಹಿಟ್ಟಾದ ಕೈಯಿಂದಲೇ ಪಕ್ಕದ ಹಿಡಿಯನ್ನು ತಳ್ಳಿ ಲಾಕ್ ಮಾಡಿದರು. ಹಿಡಿಯಲಿಲ್ಲ, ಬೆರಳು ಮಡಚಲಿಲ್ಲ. ಅಂಗೈಯ ಬುಡದಿಂದ ಒಂದು ತಳ್ಳು ಅಷ್ಟೆ. ಸೂರಣ್ಣನೂ ಹಾಗೇ ಮಾಡುತ್ತಿದ್ದರು, ಒಮ್ಮೊಮ್ಮೆ ಮೊಣಕಾಲಿನಿಂದ. ಹಿಟ್ಟು ಮೆತ್ತಿದ ಕೈಗೆ ಯಾವುದನ್ನೂ ಬಿಗಿಯಾಗಿ ಹಿಡಿಯಲು ಆಗುವುದಿಲ್ಲ, ಜಾರುತ್ತದೆ. ಅದಕ್ಕೇ ಆ ಹಿಡಿಯನ್ನು ತಳ್ಳುವ ಹಾಗೆ ಮಾಡಿದ್ದು. ಜೀವಮಾನವಿಡೀ ನೋಡಿದ್ದನ್ನು ಆ ದಿನ ಕಂಡ ಹಾಗಾಯಿತು. ಕೈಯಲ್ಲಿದ್ದ ಕಾಫಿ ಅಲ್ಲೇ ಇಟ್ಟು, ಹಳೆಯ ಗ್ರೈಂಡರು ಎಲ್ಲಿದೆ ಎಂದು ತಮ್ಮನನ್ನು ಕೇಳಿದೆ.

“ಹಿಂದೆ ಬಿದ್ದುಂಟು. ನಿಂಗೆ ಎಂತಕ್ಕೆ ಅಕ್ಕ?”

“ಅದರ ಎರಡು ಹಿಡಿ ಬೇಕು.”

“ಗ್ರೈಂಡರ್ ಬೇಡ, ಹಿಡಿ ಮಾತ್ರ ಸಾಕಾ?” ಎಂದು ಅವನು ಗಲ್ಲಾಪೆಟ್ಟಿಗೆಯ ಮುಂದಿದ್ದವರ ಕಡೆ ನೋಡಿದ. ಅಕ್ಕನಿಗೆ ವಯಸ್ಸಾಯಿತು ಎಂಬ ಅರ್ಥದ ನೋಟ. ಆದರೂ ಎರಡನ್ನೂ ಬಿಚ್ಚಿಸಿ, ಬಿಸಿನೀರಿನಲ್ಲಿ ತೊಳೆಸಿ, ಇಡ್ಲಿ ಪಾರ್ಸೆಲ್ಲಿನ ಜೊತೆಗೇ ಕಟ್ಟಿಕೊಟ್ಟ. ತುದಿಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗುಂಡು ಇರುವ ಉಕ್ಕಿನ ಹಿಡಿಗಳು.

ಇನ್ನು ಅಳತೆ. ಇವರಿಗೆ ಹೇಳಿ ಮಾಡುವ ಹಾಗಿಲ್ಲ, ಬೇಡ ಎನ್ನುತ್ತಾರೆ. ಇವರು ಬೆಳಗ್ಗೆ ಹಲ್ಲುಜ್ಜುತ್ತ ನಿಂತಾಗ ಹಿಂದಿನಿಂದ ನೆಲ ಒರೆಸುವ ನೆಪ ಮಾಡಿಕೊಂಡು, ತೂಗಾಡುವ ಬಲಗೈಯ ಅಂಗೈ ನೆಲದಿಂದ ಎಷ್ಟು ಎತ್ತರ ಎಂದು ಹೂವಿನ ದಾರದಲ್ಲಿ ಅಳೆದೆ. ಎರಡು ಸಲ ಅಳೆದೆ, ಎರಡು ಬೇರೆ ಬೇರೆ ಅಳತೆ ಬಂತು. ನಡುವಿನದ್ದು ಹಿಡಿದೆ.

ಇವರ ನಿದ್ದೆಯ ಹೊತ್ತಿಗೆ ಮಧ್ಯಾಹ್ನ ಎರಡೂ ನಟ್ಟು ಬಿಚ್ಚಿ, ಕರವಸ್ತ್ರದಲ್ಲಿ ಗಂಟು ಹಾಕಿ ವಿಠ್ಠಲವಾಡಿಗೆ ಹೋದೆ. ದಾರದ ಅಳತೆಗೆ ಸರಿಯಾಗಿ ನಟ್ಟಿಗೆ ಹಿಡಿ ಬೆಸೆಯಲು ಸ್ಟೇಶನ್ನಿನ ಹೊರಗೆ ಒಬ್ಬರು ವಯಸ್ಸಾದ ವೆಲ್ಡಿಂಗಿನವರು ಸಿಕ್ಕಿದರು. ಕಾಕೂ, ನಿಮಗೆ ಈ ಉಪದ್ವ್ಯಾಪ ಯಾಕೆ ಎಂದು ಮರಾಠಿಯಲ್ಲಿ ವಿಚಾರಿಸಿದರು. ಇವರ ಕೈಯ ವಿಷಯ ಹೇಳಿದೆ. ಅವರು ನಟ್ಟನ್ನು ಬೆರಳಲ್ಲಿ ತಿರುಗಿಸಿ ನೋಡಿ, ಬರೀ ಹಿಡಿ ಸಾಲದು ಎಂದರು. ಬಿಗಿಯುವಾಗ ನಟ್ಟು ಪಟ್ಟಿಯ ಮೇಲೆ ಉಜ್ಜಿಕೊಂಡು ತಿರುಗುತ್ತದಲ್ಲ, ಅರ್ಧ ಬಲ ಅದರಲ್ಲೇ ಹೋಗುತ್ತದಂತೆ. ಒಂದು ಡಬ್ಬ ಕೆದಕಿ, ರಿಕ್ಷಾದಿಂದ ಕಳಚಿದ ಚಪ್ಪಟೆ ಬೇರಿಂಗ್ ಎರಡು ತೆಗೆದು ಕೊಟ್ಟರು. ಇದನ್ನು ನಡುವೆ ಹಾಕಿ, ನಟ್ಟು ಗುಂಡುಗಳ ಮೇಲೆ ಓಡುತ್ತದೆ ಎಂದರು. ಬೇರಿಂಗಿಗೆ ಏನು ಕೊಡಬೇಕು ಎಂದರೆ ಕೈಯಾಡಿಸಿಬಿಟ್ಟರು. ಲೋಕಲ್ಲಿನಲ್ಲಿ ಅದನ್ನೆಲ್ಲ ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಪಕ್ಕದವರು ಒಳಗೇನು, ಮೋದಕವೇ ಎಂದು ಕೇಳಿದರು. ಬಿಸಿ ಇನ್ನೂ ಆರಿರಲಿಲ್ಲ.

ಕೂರಿಸುವುದರಲ್ಲಿ ಇನ್ನೊಂದು ಎಡವಟ್ಟಾಯಿತು. ಟೇಲ್‌ಸ್ಟಾಕಿನ ಹಿಡಿ ತಿರುಗಿಸಿದರೆ ಸಲೀಸಾಗಿ ಬಿಗಿಯಿತು, ಆದರೆ ಪೂರ್ತಿ ಬಿಗಿದಾಗ ಅದರ ಮೂತಿ ಗೋಡೆಯ ಕಡೆ. ಮುನಿಸಿಕೊಂಡು ಮಲಗಿದವರ ಹಾಗೆ ಅತ್ತ ತಿರುಗಿ ನಿಲ್ಲುತ್ತಿತ್ತು. ಅದನ್ನು ಮುಟ್ಟಬೇಕಾದರೆ ಲೇತಿನ ಅಡಿಯಲ್ಲಿ ತೂರಬೇಕು. ಬೆಸುಗೆ ಬಿಡಿಸಿ ಮತ್ತೆ ಹಾಕಿಸಲು ದಿನವಿಲ್ಲ. ಅಂದು ಶುಕ್ರವಾರ. ಬೆವರು ಸುರಿಸುತ್ತ, ಇದು ನನ್ನ ಕೈಲಾಗುವ ಮಾತಲ್ಲ ಎಂದು ಕೆಳಗೇ ಕುಳಿತು ಸ್ವಲ್ಪ ಅತ್ತೆ. ಇವರು ಶೆಡ್ಡಿನ ಬಾಗಿಲವರೆಗೆ ಬಂದವರು ನೋಡಿ ಹಾಗೇ ವಾಪಸು ಹೋದರು. ನನಗೆ ಕೆಟ್ಟ ಕೋಪ ಬಂತು.

ಶನಿವಾರ ಬೆಳಗ್ಗೆ ಹೋದಾಗ ಸ್ಟೂಲಿನ ಮೇಲೆ ಬೇರೆ ಬೇರೆ ದಪ್ಪದ ನಾಲ್ಕು ವಾಶರುಗಳು ಒಂದರ ಪಕ್ಕ ಒಂದು ಸಾಲಾಗಿ ಇದ್ದವು. ಇವರ ಡಬ್ಬದ ವಾಶರುಗಳು. ಅವುಗಳನ್ನು ನೋಡುತ್ತ ನಿಂತಾಗ ಮೆಲ್ಲಗೆ ತಲೆಗೆ ಹೊಳೆಯಿತು: ನಡುವೆ ಒಂದು ವಾಶರ್ ಸೇರಿಸಿದರೆ ನಟ್ಟು ಅಷ್ಟು ಮೊದಲೇ ಬಿಗಿದು ನಿಲ್ಲುತ್ತದೆ, ಹಿಡಿ ಗೋಡೆಯವರೆಗೆ ಹೋಗುವುದೇ ಇಲ್ಲ. ಮೊದಲನೆಯದು ಹಾಕಿದೆ, ಹಿಡಿ ಮೋಟಾರಿನ ಕಡೆ ನಿಂತಿತು. ಎರಡನೆಯದಕ್ಕೆ ಸರಿಯಾಗಿ ಮುಂದಕ್ಕೆ ಬಂದು, ಹಳಿಯ ಕೆಳಗಿನಿಂದ ಇವರ ಅಂಗೈ ತೂಗುವ ಎತ್ತರಕ್ಕೆ ಮೂತಿ ಚಾಚಿತು. ಆಸರೆಯ ಹಿಡಿಗೂ ಹಾಗೆಯೇ ಮಾಡಿದೆ. ವಾಶರು ಯಾರು ಇಟ್ಟರು ಎಂದು ನಾನು ಕೇಳಲಿಲ್ಲ, ಇಟ್ಟೆ ಎಂದು ಇವರೂ ಹೇಳಲಿಲ್ಲ. ವ್ಯಾಪಾರಿಗೆ ಬರಬೇಡ ಎಂದು ಫೋನ್ ಕೂಡ ಮಾಡಲಿಲ್ಲ. ಮಾಡಿ ಎಂದು ನಾನು ಬೇಡಿಕೊಳ್ಳಲಿಲ್ಲ. ಹಟ ಎಂದರೆ ನಮ್ಮಿಬ್ಬರ ಪೈಕಿ ಯಾರದು ಹೆಚ್ಚು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಭಾನುವಾರ ತಿಂಡಿಯಾಗುವ ಹೊತ್ತಿಗೆ ವ್ಯಾಪಾರಿ ಬಂದರು. ಬಿಳಿ ಅಂಗಿಯ ಹಿರಿಯರು, ಮೆಲುಮಾತಿನವರು. ಬೆಡ್‌ಶೀಟು ಸರಿಸಿ, ಹಳಿಯನ್ನು ನಾಣ್ಯದಿಂದ ತಟ್ಟಿ ಕೇಳಿದರು, ಮೋಟಾರು ಹಾಕಿ ನೋಡಿದರು, ಹಳೆಯದು ಎಂದು ಎರಡು ಸಲ ಹೇಳಿದರು. ಆಮೇಲೆ ಕೆಳಗೆ ಕಂಡ ಹಿಡಿಗಳನ್ನು ನೋಡಿ, “ಕಾಕಾ, ಲಾಕ್ ಕರ್‌ಕೆ ದಿಖಾವ್,” ಬಿಗಿದು ತೋರಿಸಿ ಎಂದರು.

ಇವರು ಒಂದು ಮರದ ತುಂಡನ್ನು ಮೋಟಾರಿನ ಕಡೆ ಸಿಕ್ಕಿಸಿ, ಟೇಲ್‌ಸ್ಟಾಕನ್ನು ಎಡಗೈಯಿಂದ ದೂಡಿಕೊಂಡು ಬಂದು ನಿಲ್ಲಿಸಿದರು. ಬಲಗೈ ಕೆಳಗಿಳಿಯಿತು. ಅಂಗೈಯ ಬುಡ ಹಿಡಿಯ ತುದಿಯ ಗುಂಡಿಗೆ ತಾಗಿತು. ಒಂದು ತಳ್ಳು. ಇವರು ಆ ಹಿಡಿಯನ್ನು ಮುಟ್ಟಿದ್ದು ಅದೇ ಮೊದಲು, ನಾನು ನೋಡಿದ ಮಟ್ಟಿಗೆ. ವ್ಯಾಪಾರಿ ಟೇಲ್‌ಸ್ಟಾಕನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಅಲ್ಲಾಡಲಿಲ್ಲ. ಇವರು ತಾವೇ ಸಡಿಲಿಸಿದರು, ಇನ್ನೊಂದು ಕಡೆ ಸರಿಸಿದರು, ಮತ್ತೆ ತಳ್ಳಿದರು. ಮೂರನೇ ಸಲ ವ್ಯಾಪಾರಿ ಕೇಳದೆಯೇ ಮಾಡಿದರು.

ಇದು ಕಂಪನಿಯದ್ದೇ ಎಂದು ವ್ಯಾಪಾರಿ ವಿಚಾರಿಸಿದರು. ನನ್ನ ಎದೆ ಉಬ್ಬಿತು. ಮರುಕ್ಷಣವೇ ಅವರು, ಹಳೆ ಯಂತ್ರವೆಂದು ಬಂದೆ, ಲಾಕು ಇಷ್ಟು ಚೆನ್ನಾಗಿದ್ದರೆ ಫೋನಿನಲ್ಲಿ ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದರು. ಎರಡು ವಾರ ಒದ್ದಾಡಿ ಅದನ್ನು ಮಾರಾಟಕ್ಕೆ ಸಿಂಗರಿಸಿ ನಿಲ್ಲಿಸಿದವಳು ನಾನೇ. ಇವರ ಮುಖ ನೋಡಿದೆ. ಅದೇ ಸಮಾಧಾನ.

ಇವರು ಬಗ್ಗಿ ಹಿಡಿಯ ಗುಂಡನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಹಿಂದಿಯಲ್ಲಿ, ಮಷೀನ್ ಒಯ್ಯಿರಿ, ಹ್ಯಾಂಡಲ್ ಮಾತ್ರ ಕೊಡುವುದಿಲ್ಲ ಎಂದರು. ಹ್ಯಾಂಡಲ್ ಇಲ್ಲದೆ ಲಾಕ್ ಹೇಗೆ ಎಂದು ವ್ಯಾಪಾರಿ. ಹಳೆಯ ನಮೂನೆಯ ನಟ್ಟು ಹಾಕಿಸಿಕೊಡುತ್ತೇನೆ, ಪಾನಾದಿಂದ ಬಿಗಿದುಕೊಳ್ಳಿ ಎಂದು ಇವರು. ಹಾಗಾದರೆ ನಾನು ಹೇಳಿದ ರೇಟು ಯಾತಕ್ಕೆ ಎಂದು ಅವರು. ಬೇಡವಾದರೆ ಬೇಡ ಎಂದು ಇವರು. ಹೀಗೆ ನಾಲ್ಕು ಸುತ್ತು ಆಯಿತು. ವ್ಯಾಪಾರಿ ಒಮ್ಮೆ ಹಿಡಿ ನೋಡಿದರು, ಒಮ್ಮೆ ಇವರ ಮಣಿಕಟ್ಟು ನೋಡಿದರು, ಒಮ್ಮೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತ ನನ್ನನ್ನು ನೋಡಿದರು. ಚಹಾ ಕೊಡಿ ಎಂದು ಕೇಳಿ ಕುಡಿದು, ಯಂತ್ರದ ಸುದ್ದಿಯನ್ನೇ ಎತ್ತದೆ ಬದಲಾಪುರದ ನೀರಿನ ವಿಷಯ ಮಾತಾಡಿ ಹೋದರು.

ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು. ನನಗೆ ಸುಮ್ಮನಿರಲು ಬರುವುದಿಲ್ಲ.

“ಎಂತ ಮಾರಾಯ್ರೆ ನಿಮ್ಮದು? ಹಳೆ ಗ್ರೈಂಡರಿನ ಹಿಡಿ ಅದು. ಕೇಳಿದ್ರೆ ಸುಧಾಕರ ಇನ್ನೊಂದು ಕೊಡ್ತಿದ್ದ.”

ಇವರು ನನ್ನ ಕಡೆ ನೋಡಲಿಲ್ಲ. ಮರದ ತುಂಡನ್ನು ಮತ್ತೆ ಸಿಕ್ಕಿಸುತ್ತಿದ್ದರು.

“ಮೂವತ್ತೆಂಟು ವರ್ಷ ಪ್ಯಾಟರ್ನ್ ಮಾಡೀನಿ, ಶೈಲಾ. ಎಲ್ಲಾ ಯಾರದೋ ಪಂಪಿಗೆ, ಯಾರದೋ ಗಾಲಿಗೆ. ನನ್ನ ಕೈ ನೋಡಿ, ನನಗಂತ ಒಬ್ರು ಮಾಡಿದ್ದು ಇದ ಒಂದ. ಹೆಂಗ ಕೊಡ್ಲಿ?”

ನನ್ನ ಕಣ್ಣಲ್ಲಿ ನೀರು ಬಂತು. ಮರದ ಪುಡಿ ಹಾರಿ ಬಿತ್ತು ಎಂದು ಹೇಳೋಣವೆಂದರೆ ಲೇತ್ ಇನ್ನೂ ಶುರುವೇ ಆಗಿರಲಿಲ್ಲ. ಹೋಗಿ ಸ್ವಿಚ್ ಹಾಕಿದೆ.